ಪಂದಲಿನ ಕೆಳಗೆ ಥೈಮಸ್ ಪಾಠ

ಎದ್ದುಹೋಗಬೇಡಿ, ಐದು ನಿಮಿಷ ಕೂತಿರಿ. ಇದನ್ನು ಹೇಳದೆ ನನಗೆ ಊಟ ಸೇರುವುದಿಲ್ಲ. ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಒಂದು ಜೀವಕೋಶ ಬರೆದು, ಅದರಿಂದ ಎರಡು ಗೆರೆ ಎಳೆದೆ. ಚಿತ್ರ ಥೈಮಸ್ಸಿನದು. ಕಣ್ಣಿಗೆ ಕಂಡದ್ದು ಮಾತ್ರ ತಮಿಳು ಸೀಮೆಯ ನಮ್ಮೂರು ಮಾರ್ಕಯನ್‌ಕೋಟ್ಟೈಯಲ್ಲಿ ಸೋದರಮಾವ ಬಳ್ಳಿ ಹಬ್ಬಿಸಿರುವ ಚಪ್ಪರ, ನಮ್ಮ ಬಾಯಲ್ಲಿ ದ್ರಾಕ್ಷಿ ಪಂದಲು.

ಥೈಮಸ್ ಅಂದರೆ ಎದೆಮೂಳೆಯ ಹಿಂದಿರುವ ಪುಟ್ಟ ಗ್ರಂಥಿ. ರೋಗದ ಜೊತೆ ಹೋರಾಡುವ ಟಿ ಕೋಶಗಳಿಗೆ ಅದೇ ಶಾಲೆ. ಪಾಠ ಹೇಳುವವರು ಅಲ್ಲಿನ ಎಪಿಥೀಲಿಯಲ್ ಕೋಶಗಳು. ಹೊರಪದರದ ಮೇಷ್ಟ್ರುಗಳು ಕೆಲಸಕ್ಕೆ ಬರುವವರನ್ನು ಆರಿಸುತ್ತಾರೆ. ಒಳಭಾಗದವರು, ನಮ್ಮ ಮೈಯ ಮೇಲೆಯೇ ಬೀಳಲು ಹೊರಡುವವರನ್ನು ತಡೆಯುತ್ತಾರೆ. ಮಜಾ ಏನು ಗೊತ್ತೇ? ಭ್ರೂಣದಲ್ಲಿ ಈ ಎರಡು ಬಗೆಯವರೂ ಒಂದೇ ಬಗೆಯ ಮೂಲಕೋಶದಿಂದ ಹುಟ್ಟಬಲ್ಲರು. ನಾನು ಕಾಲೇಜಿನಲ್ಲಿ ಓದಿದ್ದು ಕಾಮರ್ಸ್. ಇದೆಲ್ಲ ಫೋನಿನಲ್ಲಿ ಕಲಿತದ್ದು, ತಪ್ಪಿದ್ದರೆ ತಿದ್ದಿ.

ದ್ರಾಕ್ಷಿಯ ಕತೆಯೂ ಹಾಗೇ. ಸುರುಳಿ ಕುಡಿಯೂ ಹಣ್ಣಿನ ಗೊಂಚಲೂ ಒಂದೇ ಬಗೆಯ ಮೊಳಕೆಯಿಂದ ಬರುತ್ತವೆ. ಎಳೆಯದರಲ್ಲಿ ಹೊಸಬರಿಗೆ ಗುರುತು ಸಿಗುವುದಿಲ್ಲ. ಹೋದ ವರ್ಷ ನನಗದು ಗೊತ್ತಿರಲಿಲ್ಲ. ಸುರುಳಿಗಳು ಬಳ್ಳಿಯ ಸತ್ವ ತಿನ್ನುತ್ತವೆ ಎಂಬುದನ್ನಷ್ಟೇ ಎಲ್ಲೋ ಓದಿದ್ದೆ. ಮಾವ ಬತ್ತಲಗುಂಡಿನ ಸಂತೆಗೆ ಹೋಗಿದ್ದಾಗ, ಉಪಕಾರ ಮಾಡೋಣವೆಂದು, ಸುರುಳಿಯಂತೆ ಕಂಡ ಎಳೆ ಕುಡಿಗಳನ್ನೆಲ್ಲ ಚಿವುಟಿ ಒಂದು ಇಡೀ ಸಾಲನ್ನು ಚೊಕ್ಕ ಮಾಡಿಬಿಟ್ಟೆ. ಆ ಸಾಲಿನಲ್ಲಿ ಆ ಸಲ ಬರೀ ಎಲೆ.

ಮಾವ ಬಯ್ಯಲಿಲ್ಲ. ಮಕ್ಕಳನ್ನೆಲ್ಲ ಪುಳ್ಳೆ ಎಂದು ಕರೆಯುವುದು ನಮ್ಮ ಕಡೆಯ ರೂಢಿ. "ಪುಳ್ಳೆ, ನೀ ಇನ್ ಪಂದಲ್ ಒಳ್ಗ ಕಾಲ್ ಇಡ್ಬ್ಯಾಡ" ಎಂದರು, ಅಷ್ಟೇ. ಬಯ್ದಿದ್ದರೆ ಚೆನ್ನಾಗಿತ್ತು. ಚಿಕ್ಕಂದಿನಿಂದ ರಜಾ ಬಂದರೆ ನಾನು ಬಿದ್ದುಕೊಂಡಿರುತ್ತಿದ್ದದ್ದೇ ಆ ನೆರಳಲ್ಲಿ. ವರ್ಷವಿಡೀ ಬೇಲಿಯ ಆಚೆಯಿಂದಲೇ ಮಾತಾಡಿಸಿ ಬರುತ್ತಿದ್ದೆ.

ಇವತ್ತು ನೋಟ್‌ಬುಕ್ ಹಿಡಿದುಕೊಂಡೇ ಓಡಿದೆ. ಬೇಲಿಯಾಚೆ ನಿಂತು ವಿವರಿಸಿದೆ. ಮನೆಮಾತಾದ ಕನ್ನಡದಲ್ಲಿ ಶುರುಮಾಡಿ ಅರ್ಧದಲ್ಲೇ ತಮಿಳಿಗೆ ಜಾರಿದೆ. ಮಾವ ಎಲೆ ಸರಿಸುತ್ತಲೇ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ.

"ವಾತ್ಯಾರ್ ಆಗು ಅಂತ ಅದ್ಕ ಯಾರ್ ಯೋಳ್ತಾರ?"

ಮೇಷ್ಟ್ರಾಗಲು ಹೇಳುವವರು ಯಾರು! ಪುಣ್ಯಕ್ಕೆ ಅದನ್ನೂ ಅಷ್ಟಿಷ್ಟು ಓದಿದ್ದೆ. ಒಳಭಾಗದ ಮೇಷ್ಟ್ರುಗಳು ಬಲಿಯಬೇಕಾದರೆ, ಕಲಿಯಲು ಬಂದ ಟಿ ಕೋಶಗಳೇ ಸುಳಿವು ಕೊಡಬೇಕಂತೆ.

"ಪುಳ್ಳೆಗಳೇ ಮಾಮ," ಎಂದೆ. "ಕಲಿಯಾಕ ಬಂದ ಪುಳ್ಳೆಗಳಿಲ್ದಿದ್ರ ವಾತ್ಯಾರೂ ಬಲಿಯಲ್ಲ."

ಮಾವನ ಕೈ ನಿಂತಿತು.

"ಹಂಗಾರ ನಾ ಇನ್ನ ಬಲೀದ ಕಾಯಿ," ಎಂದರು. "ತೋರ್ಸದೆ ಓಡ್ಸ್‌ಬುಟ್ಟೆ. ಒಳ್ಗ ಬಾ."

ಬಗ್ಗಿ ನುಗ್ಗಿದೆ. ಒಂದು ಎಳೆ ಕೊಂಬೆ ಹಿಡಿದು ಮಾವ ಉಗುರಿನಲ್ಲಿ ತೋರಿಸಿದರು: ತುದಿ ನುಣುಪಾಗಿದ್ದರೆ ಸುರುಳಿ, ಸಾಸಿವೆ ಅಂಟಿಸಿದಂತೆ ತರಿತರಿಯಾಗಿದ್ದರೆ ಗೊಂಚಲು. ಇಪ್ಪತ್ತು ಕುಡಿಗಳಲ್ಲಿ ಮೂರು ತಪ್ಪು ಹೇಳಿದೆ. ಅವರು ಮತ್ತೆ ಮೊದಲ ಕುಡಿಯಿಂದ ಶುರುಮಾಡಿದರು.

ನಿಮ್ಮ ಕೈಯಲ್ಲಿ ಏನು ಹಾಳಾಗಿತ್ತು, ಆಮೇಲೆ ಯಾರು ಹತ್ತಿರ ಕರೆದು ಕಲಿಸಿದರು? ಬರೆದು ಕಳಿಸಿ. ಮಾವನಿಗೂ ಓದಿ ಹೇಳುತ್ತೇನೆ.