ದೋಣಿಯಲ್ಲಿ ಆಡಬಾರದ ಮಾತು

ಲ್ಯಾಬಮ್ಮ ಬೆಳಿಗ್ಗೆ ಎದ್ದ ಕೂಡಲೇ ದೋಣಿಯ ನೆಲದ ಹಲಗೆಯೊಂದನ್ನು ಎತ್ತಿ ಕೆಳಗೆ ಕೈಯಿಟ್ಟು ನೋಡುತ್ತಾರೆ. ಅಲ್ಲಿ ನೀರು ಸೇರಿದ್ದರೆ ಬೆರಳಿಗೆ ತಗಲಿದ್ದನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಾರೆ. ಸಪ್ಪೆ ಎನಿಸಿದರೆ ಕುಡಿಯುವ ನೀರಿನ ಟ್ಯಾಂಕು ಎಲ್ಲೋ ಸೋರುತ್ತಿದೆ; ಉಪ್ಪು ಎನಿಸಿದರೆ ಸಮುದ್ರವೇ ಒಳಗೆ ಬರುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಡೀ ನೌಕರಿ ಕಳೆದವರಿಗೆ ಇದರಲ್ಲಿ ಹೇಸಿಗೆ ಪಡುವಂಥದ್ದೇನೂ ಕಾಣುವುದಿಲ್ಲ. ಗಂಡನಿಗೆ ಮಾತ್ರ ಇವತ್ತಿಗೂ ನೋಡಲಾಗುವುದಿಲ್ಲ.

"ಟೀಗಿಂತ ಮುಂಚೆ ಅದನ್ನ ಕುಡೀತಾಳೆ," ಎಂದು ಮುಸುಕಿನೊಳಗಿಂದಲೇ ಗೊಣಗುತ್ತಾರೆ.

"ಕುಡಿಯಲ್ಲ, ಪರೀಕ್ಷೆ ಮಾಡ್ತೀನಿ. ಏಳಿ ಈಗ, ಹಾಸಿಗೆ ಮಡಿಸಿದ್ರೆ ಮೇಜು ಬರುತ್ತೆ."

ಇವರಿಬ್ಬರ ಮನೆ ಒಂದು ಹಳೆಯ ಹಾಯಿದೋಣಿ. ಪರದೇಶದ ಬಂದರೊಂದರ ಕಟ್ಟೆಗೆ ಅದನ್ನು ಕಟ್ಟಿಹಾಕಿಕೊಂಡಿದ್ದಾರೆ. ಕಡಿದಾದ ಮೆಟ್ಟಿಲು ಇಳಿದರೆ ಎಡಗಡೆ ಅಡುಗೆಮನೆ, ಬಲಗಡೆ ನಕ್ಷೆ ಹರಡುವ ಜಾಗ, ಎದುರಿಗೆ ಊಟದ ಮೇಜು ಮತ್ತು ಹಾಸಿಗೆ ಎರಡೂ ಆಗುವ ಹಲಗೆ. ಒಬ್ಬರು ಅಂಗಿ ತೊಡುವಾಗ ಇನ್ನೊಬ್ಬರು ಕೂತಿರಬೇಕು. ಒಲೆ ತೊಟ್ಟಿಲಿನ ಹಾಗೆ ಎರಡು ಕೀಲುಗಳ ಮೇಲೆ ತೂಗುತ್ತದೆ. ದೋಣಿ ಎಷ್ಟೇ ವಾಲಿದರೂ ಕುಕ್ಕರ್ ಮಾತ್ರ ನೆಟ್ಟಗೆ ಕೂತು ತನ್ನ ಪಾಡಿಗೆ ಸೀಟಿ ಹಾಕುತ್ತಿರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಲ್ಯಾಬಮ್ಮನಿಗೆ ಇಡೀ ದೋಣಿಯಲ್ಲಿ ಬುದ್ಧಿ ಇರುವುದು ಇದೊಂದಕ್ಕೇ ಎನಿಸಿತ್ತಂತೆ.

ಅವರು ಇಲ್ಲಿಗೆ ಬಂದದ್ದು ಒಲ್ಲದ ಮನಸ್ಸಿನಿಂದ. ಯಜಮಾನರು ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದವರು. ಮದುವೆಯಾದಂದಿನಿಂದ ಮನೆಗೆ ಬಂದದ್ದೆಲ್ಲ ರಜೆಗೆ. ಬಂದ ಮೊದಲ ವಾರ ಮಗಳು ಅಪ್ಪನನ್ನು ನೆಂಟರ ಹಾಗೆ ಬಾಗಿಲ ಮರೆಯಿಂದ ನೋಡುತ್ತಿದ್ದಳು. ಅವಳಿಗೆ ಸಲಿಗೆ ಬರುವ ಹೊತ್ತಿಗೆ ಅಪ್ಪನ ಪೆಟ್ಟಿಗೆ ತುಂಬಿಯಾಗಿರುತ್ತಿತ್ತು. ನಿವೃತ್ತಿಯಾದ ಮೇಲೆ ಜೊತೆಯ ಕೆಲಸಗಾರನೊಬ್ಬನ ಹಳೇ ದೋಣಿ ಕೊಂಡು, "ಒಂದು ವರ್ಷ ಬಾ, ನಾನು ಕಂಡ ನೀರನ್ನ ನಿನಗೂ ತೋರಿಸ್ತೀನಿ," ಎಂದು ಹೆಂಡತಿಯನ್ನು ಕರೆದರು.

ಬಂದ ಮೇಲೆ ಒಂದು ಸಂಗತಿ ಬಯಲಾಯಿತು. ಯಜಮಾನರಿಗೆ ಸಮುದ್ರವೇ ಗೊತ್ತಿರಲಿಲ್ಲ. ಇಂಜಿನ್ ಕೋಣೆಗೆ ಕಿಟಕಿ ಇರುವುದಿಲ್ಲ. ಅವರು ಭೂಮಿಯನ್ನು ಎಷ್ಟೋ ಸಲ ಸುತ್ತಿದ್ದರೂ ಸುತ್ತಿದ್ದು ಕಬ್ಬಿಣದ ಗೋಡೆಗಳ ನಡುವೆ. ಗಾಳಿ ಯಾವ ಕಡೆಯಿಂದ ಬೀಸಿದರೆ ಹಾಯಿಯನ್ನು ಹೇಗೆ ತಿರುಗಿಸಬೇಕು ಎಂಬುದು ಅವರಿಗೆ ಹತ್ತಲೇ ಇಲ್ಲ. ಲ್ಯಾಬಮ್ಮನಿಗೆ ಹತ್ತಿತು. ಒಂದು ಬಾರಿಗೆ ಒಂದನ್ನೇ ಬದಲಿಸಿ, ಏನಾಯಿತೆಂದು ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟುವುದು ಅವರ ಹಳೆಯ ಅಭ್ಯಾಸ. ಹಗ್ಗಗಳ ವಿಷಯದಲ್ಲೂ ಹಾಗೆಯೇ ಮಾಡಿದರು. ಎರಡನೇ ವರ್ಷದ ಹೊತ್ತಿಗೆ ಚುಕ್ಕಾಣಿ ಅವರ ಕೈಗೆ ಬಂದಿತ್ತು. ಇಂಜಿನ್ನೂ ಹಗ್ಗಗಳೂ ಯಜಮಾನರ ಪಾಲಿಗೆ. ವಾಪಸು ಹೋಗುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ನಾಲ್ಕನೇ ವರ್ಷ, ಚಳಿ ಶುರುವಾಗುವ ಮೊದಲು, ಒಂದು ಮಧ್ಯಾಹ್ನ ಸುತ್ತಾಡಿಕೊಂಡು ಬಂದರಿಗೆ ಮರಳುತ್ತಿದ್ದರು. ಗಾಳಿ ಕಟ್ಟೆಯ ಕಡೆಯಿಂದ ಬೀಸುತ್ತಿತ್ತು. ಯಜಮಾನರು ದೋಣಿಯ ಮೂತಿಯಲ್ಲಿ ನಿಂತು ಹಗ್ಗವನ್ನು ಕಟ್ಟೆಯ ಗೂಟಕ್ಕೆ ಸುತ್ತಿ ತುದಿಯನ್ನು ಕೈಯಲ್ಲಿ ಬಿಗಿಹಿಡಿದಿದ್ದರು. ಪಕ್ಕದ ದೋಣಿಗೆ ತಾಗದಂತೆ ನೇತುಹಾಕುವ ಗಾಳಿ ತುಂಬಿದ ರಬ್ಬರ್ ದಿಂಡು ಒಳಗೇ ಉಳಿದಿರುವುದು ಆಗ ನೆನಪಾಯಿತು.

"ಆ ದಿಂಡು ತರಬೇಕಿತ್ತಲ್ಲ?" ಎಂದು ಕೂಗಿದರು.

"ಇರಲಿ ಬಿಡಿ," ಎಂದರು ಲ್ಯಾಬಮ್ಮ.

ಯಜಮಾನರು ಬಿಟ್ಟರು. ದಿಂಡಿನ ಯೋಚನೆಯನ್ನಲ್ಲ, ಹಗ್ಗವನ್ನು.

ದೋಣಿಯ ಮೂತಿ ಗಾಳಿಗೆ ಸಿಕ್ಕಿ ಗಿರ್ರನೆ ತಿರುಗಿ ಪಕ್ಕದ ದೋಣಿಯ ಕಡೆಗೆ ಹೋಯಿತು. ಯಜಮಾನರು ತಡೆಯಲೆಂದು ನಡುವೆ ಕೈ ಒಡ್ಡಿದರು. ಪಕ್ಕದ ದೋಣಿಗೆ ಒಂದು ಗೀರು ಬಿತ್ತು. ಇವರ ಬಲ ಮಣಿಕಟ್ಟು ಮುರಿಯಿತು. ಆ ದೋಣಿಯ ಮುದುಕ ಬಂದರಿನಲ್ಲಿ ನಡೆಯುವುದನ್ನೆಲ್ಲ ಕಣ್ಣಿಗೆ ದುರ್ಬೀನು ಹಚ್ಚಿಕೊಂಡು ನೋಡುವವನು. ಇವರು ಅವನಿಗೆ ಇಟ್ಟ ಹೆಸರೂ ದುರ್ಬೀನೇ. ಮಾರು ದೂರದಲ್ಲಿ ನಡೆದ ಇದನ್ನೂ ಅವನು ದುರ್ಬೀನಿನಲ್ಲೇ ನೋಡಿದ.

ಆಸ್ಪತ್ರೆಯಿಂದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ಬಸ್ಸಿನಲ್ಲಿ ಮಾತು ಶುರುವಾಯಿತು.

"ನೀನೇ ತಾನೆ ಬಿಡಿ ಅಂದಿದ್ದು?"

"ನಾನು ದಿಂಡಿನ ವಿಷಯ ಹೇಳಿದ್ದು. ಇರಲಿ ಬಿಡಿ ಅಂದ್ರೆ ಯಾರಾದ್ರೂ ಕೈಲಿರೋದನ್ನ ಬಿಡ್ತಾರೇನ್ರೀ?"

"ಹಗ್ಗ ಹಿಡಿದು ನಿಂತವನಿಗೆ ಬಿಡು ಅಂದ್ರೆ ಒಂದೇ ಅರ್ಥ. ಮೇಲಿಂದ ಹುಕುಂ ಬಂದ್ರೆ ನಾವು ಯಾಕೆ ಅಂತ ಕೇಳ್ತಿರಲಿಲ್ಲ."

"ಹಡಗಿನಲ್ಲಿ ನಿಮಗೆ ಕನ್ನಡದಲ್ಲಿ ಹುಕುಂ ಬರ್ತಿತ್ತಾ?"

ಯಜಮಾನರು ಕಿಟಕಿಯ ಹೊರಗೆ ನೋಡಿದರು. "ಬೈಯೋದು ಮಾತ್ರ ಕನ್ನಡದಲ್ಲಿ. ಅದೂ ನಾನೊಬ್ಬನೇ," ಎಂದರು.

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಯಜಮಾನರು ಮಾತು ಕಡಿಮೆ ಮಾಡಿದರು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತ ಮೇಜು ನೋಡುತ್ತಿದ್ದರು. ಮೈಯನ್ನೇ ನಂಬಿ ಬದುಕಿದವರಿಗೆ ಅದು ಒಮ್ಮೆ ಕೈಕೊಟ್ಟರೆ ಉಳಿದದ್ದರ ಮೇಲೂ ಅನುಮಾನ. ಅದೇ ವಾರ ಬಂದರಿನ ಮುಖ್ಯಸ್ಥ ದೋಣಿ ದೋಣಿಗೂ ಬಂದು ಹೇಳಿ ಹೋದ: ಕಟ್ಟೆಯ ಬಳಿ ಹೂಳೆತ್ತಬೇಕಾಗಿದೆ, ತಿಂಗಳ ಕೊನೆಯೊಳಗೆ ದೋಣಿಗಳೆಲ್ಲ ಕೊಲ್ಲಿಯ ಆಚೆ ದಡದ ಬಂದರಿಗೆ ಹೋಗಬೇಕು, ಆಗದವರ ದೋಣಿಯನ್ನು ಕ್ರೇನ್ ತಂದು ನೆಲಕ್ಕೆ ಎತ್ತಿಡುತ್ತಾರೆ.

ಯಜಮಾನರು ಹೆಂಡತಿಯನ್ನು ಕೇಳದೆಯೇ ಕ್ರೇನಿನವನಿಗೆ ದೋಣಿ ಎತ್ತಿಡಲು ಹೇಳಿ ಬಂದರು. ಸಂಜೆ ಮಗಳ ಫೋನು. ಅವಳು ದನಕರುಗಳ ಡಾಕ್ಟರು. ಕೊಟ್ಟಿಗೆಯಲ್ಲಿ ನಿಂತು ಮಾತಾಡಿ ಮಾತಾಡಿ ಅವಳ ದನಿ ದೊಡ್ಡದು.

"ಅಪ್ಪ, ಆ ಡಬ್ಬಿ ಮಾರಿಬಿಡಿ. ನಮ್ಮನೇಲಿ ಮೇಲಿನ ರೂಮು ಖಾಲಿ ಇದೆ. ಬಂದುಬಿಡಿ ಇಬ್ರೂ."

"ಹೂಂ. ಎತ್ತಿಟ್ಟ ಮೇಲೆ ಗಿರಾಕಿ ನೋಡೋಣ," ಎಂದರು ಅಪ್ಪ.

ಲ್ಯಾಬಮ್ಮ ಪಾತ್ರೆ ಒರೆಸುತ್ತ ನಿಂತಿದ್ದರು. ಮೇಲಿನ ರೂಮು ಅವರಿಗೆ ಗೊತ್ತು. ಬೆಳಕು ಚೆನ್ನಾಗಿದೆ, ಅಳಿಯ ಒಳ್ಳೆಯವನು. ಅಲ್ಲಿಗೆ ಹೋದರೆ ಇವರು ಟಿ.ವಿ. ಎದುರು, ತಾನು ಮಗಳ ಅಡುಗೆಮನೆಯಲ್ಲಿ. ಊಟಕ್ಕೆ ಕರೆಯುವಾಗ ಮಾತ್ರ ಮುಖ ನೋಡುವುದು. ಗಂಡಹೆಂಡತಿಯಾಗಿ ಒಂದೇ ಮನೆಯಲ್ಲಿ ಇರುವುದಕ್ಕೆ ಶುರುಮಾಡಿದ್ದೇ ಈ ದೋಣಿಯಲ್ಲಿ. ಬೀಳುವುದಕ್ಕೂ ಜಾಗವಿಲ್ಲದ ಈ ಪೆಟ್ಟಿಗೆಯಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಗೊತ್ತಾಗುತ್ತದೆ. ನೀರಿನಿಂದ ಎತ್ತಿದ ಮೇಲೆ ದೋಣಿ ಮತ್ತೆ ಇಳಿಯುವುದಿಲ್ಲ ಎಂಬುದೂ ಅವರಿಗೆ ತಿಳಿದಿತ್ತು. ಹಾಗೆ ಎತ್ತಿಟ್ಟ ದೋಣಿಗಳು ಹಿಂದಿನ ಅಂಗಳದಲ್ಲಿ ಸಾಲಾಗಿ ನಿಂತಿವೆ.

"ಆಚೆ ದಡಕ್ಕೆ ನಾನು ಒಯ್ತೀನಿ," ಎಂದರು, ಫೋನು ಮುಗಿದ ಮೇಲೆ.

"ಒಂದು ಕೈಲಿ ನಾನೇನು ಮಾಡ್ಲಿ? ಇನ್ನೊಂದನ್ನೂ ಮುರಿಸಬೇಕಾ?"

"ಕೈ ಒಂದು ಸಾಕು. ಕಿವಿ ಎರಡೂ ಬೇಕು. ನಮ್ಮ ಲ್ಯಾಬಿನಲ್ಲಿ ರಕ್ತ ಕೊಡೋ ಮುಂಚೆ ಚೀಟಿಯನ್ನ ಇಬ್ಬರು ಗಟ್ಟಿಯಾಗಿ ಓದಬೇಕಿತ್ತು. ಒಬ್ಬಳು ಓದಿದ್ದನ್ನ ಇನ್ನೊಬ್ಬಳು ತಿರುಗಿ ಹೇಳಬೇಕು. ಹೇಳೋವರೆಗೆ ಬಾಟಲಿ ಕೈಬಿಡೋ ಹಾಗಿಲ್ಲ."

ಯಜಮಾನರು ತಲೆಯೆತ್ತಿದರು. "ನಮ್ಮಲ್ಲೂ ಹಾಗೇ. ಮೇಲಿನವರು ಫೋನಿನಲ್ಲಿ ಹೇಳಿದ್ದನ್ನ ತಿರುಗಿ ಹೇಳಿ, ಆಮೇಲೆ ಹಿಡಿಕೆ ತಿರುಗಿಸೋದು."

"ಮತ್ತೆ ನನ್ನ ಮಾತನ್ನ ಯಾಕೆ ತಿರುಗಿ ಹೇಳಲಿಲ್ಲ?"

"ಹೆಂಡತಿ ಹೇಳಿದ್ದನ್ನ ತಿರುಗಿ ಹೇಳಿದ್ರೆ ಜಗಳ ಅಂತಾರೆ."

ಮಾರನೆಯ ದಿನದಿಂದ, ಕಟ್ಟಿದ ದೋಣಿಯಲ್ಲೇ ಅಭ್ಯಾಸ ನಡೆಯಿತು. ಲ್ಯಾಬಮ್ಮ ಹೇಳುವುದು, ಯಜಮಾನರು ತಿರುಗಿ ಕೇಳುವುದು, ಲ್ಯಾಬಮ್ಮ ಹೌದೆನ್ನುವುದು, ಆಮೇಲೆ ಕೆಲಸ. ಹಗ್ಗ ಬಿಡಿಸಲು "ಕಳಚಿ" ಎಂಬ ಮಾತು ನಿಗದಿಯಾಯಿತು. "ಬಿಡಿ" ಎಂಬ ಮಾತನ್ನು ದೋಣಿಯಲ್ಲಿ ಯಾರೂ ಆಡಕೂಡದು ಎಂದು ಲ್ಯಾಬಮ್ಮ ನಿಯಮ ಮಾಡಿದರು.

ನಿಯಮ ಅರ್ಧ ದಿನವೂ ನಡೆಯಲಿಲ್ಲ. "ಟೀ ಆರುತ್ತೆ, ಕುಡಿದುಬಿಡಿ," ಎಂದು ಅವರೇ ಮೊದಲು ಸಿಕ್ಕಿಬಿದ್ದರು. ಆಮೇಲೆ "ಅದು ಬಿಡು, ಇಲ್ಲಿ ಕೇಳು," ಎಂದು ಯಜಮಾನರು. ಎಣಿಸುತ್ತ ಹೋದರೆ ಮಲಗಿಬಿಡಿ, ಮುಚ್ಚಿಬಿಡು, ಹೋಗ್ಲಿ ಬಿಡಿ. ಆ ಮಾತಿಲ್ಲದೆ ಇಬ್ಬರಿಗೂ ಒಂದು ವಾಕ್ಯ ಮುಗಿಸಲು ಆಗುತ್ತಿರಲಿಲ್ಲ.

"ಇಷ್ಟು ಬಿಡೋ ಜನ ಏನನ್ನೂ ಬಿಟ್ಟಿಲ್ಲವಲ್ಲೇ," ಎಂದು ಯಜಮಾನರು ನಕ್ಕರು. ಕೈ ಮುರಿದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಕೊನೆಗೆ ನಿಯಮವನ್ನು ಸಡಿಲಿಸಿ, ಹಗ್ಗ ಕೈಯಲ್ಲಿರುವಾಗ ಮಾತ್ರ ಆಡಬಾರದು ಎಂದು ಮಾಡಿಕೊಂಡರು. ಆದರೂ ಕ್ರೇನಿನವನಿಗೆ ಬೇಡವೆಂದು ಹೇಳಲು ಯಜಮಾನರು ಹೋಗಲಿಲ್ಲ. "ಮೊದಲು ದಾಟೋಣ. ಅಲ್ಲಿ ಏನಾದ್ರೂ ಎಡವಟ್ಟಾದ್ರೆ ಅಲ್ಲಿಗೇ ಕ್ರೇನು ಕರೆಸ್ತೀನಿ, ಆಮೇಲೆ ನೀನು ಮಾತಾಡಬಾರದು," ಎಂದರು. ಲ್ಯಾಬಮ್ಮ ಒಪ್ಪಿದರು.

ಹೊರಟ ದಿನ ಗಾಳಿ ಹದವಾಗಿತ್ತು. ಬಂದರಿನ ಬಾಯಿ ದಾಟುವವರೆಗೆ ಇಂಜಿನ್ನು, ಆಮೇಲೆ ಹಾಯಿ. ಇಂಜಿನ್ ನಿಂತೊಡನೆ ನೀರು ದೋಣಿಯ ಪಕ್ಕೆಯನ್ನು ಸವರಿಕೊಂಡು ಹೋಗುವ ಸದ್ದು ಮಾತ್ರ ಉಳಿಯಿತು. ಯಜಮಾನರು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಹೆಂಡತಿ ಹಾಯಿಯ ಅಂಚನ್ನು ನೋಡುತ್ತ ಚುಕ್ಕಾಣಿಯನ್ನು ಬೆರಳಷ್ಟು ಆಚೆ, ಬೆರಳಷ್ಟು ಈಚೆ ಮಾಡುತ್ತಿದ್ದರು. ಗಾಳಿ ಬೀಸುವ ಮೊದಲೇ ಅವರ ಕೈ ಸರಿಯುತ್ತಿತ್ತು.

"ಗಾಳಿ ಬರೋದು ನಿನಗೆ ಹೇಗೆ ಗೊತ್ತಾಗುತ್ತೆ?"

"ನೀರಿನ ಬಣ್ಣ ಕಪ್ಪಾಗುತ್ತೆ ನೋಡಿ, ಅಲ್ಲಿ. ಅದು ಇಲ್ಲಿಗೆ ಬರೋದರೊಳಗೆ ಸಿದ್ಧ ಆಗಿರಬೇಕು."

ಯಜಮಾನರು ಅಲ್ಲಿ ನೋಡಿದರು. ಆಮೇಲೆ ದಾರಿಯುದ್ದಕ್ಕೂ ಅದನ್ನೇ ನೋಡುತ್ತ ಬಂದರು.

ಆಚೆ ದಡದ ಕಟ್ಟೆಯಲ್ಲೂ ಗಾಳಿ ಕಟ್ಟೆಯಿಂದ ಹೊರಗೆ ಬೀಸುತ್ತಿತ್ತು. ಮೊದಲೇ ಬಂದಿದ್ದ ದುರ್ಬೀನು ಅಲ್ಲಿ ನಿಂತಿದ್ದ. ಅವನ ದೋಣಿಯ ಹೊಸ ಜಾಗ ಹತ್ತಿರದಲ್ಲಿರಲಿಲ್ಲ, ಹಾಗಾಗಿ ಧೈರ್ಯವಾಗಿ ನಿಂತಿದ್ದ. ಹಾಯಿ ಇಳಿಸಿ, ಇಂಜಿನ್ನನ್ನು ಮೆಲ್ಲಗೆ ನಡೆಸಿಕೊಂಡು ಹತ್ತಿರ ಬಂದರು. ಯಜಮಾನರು ಎಡಗೈಯಿಂದ ಎಸೆದ ಹಗ್ಗ ಮೊದಲ ಸಲಕ್ಕೇ ಗೂಟ ಹಿಡಿಯಿತು. ತುದಿಯನ್ನು ಎಳೆದು ಬಿಗಿಹಿಡಿದರು. ಮುಖದಲ್ಲಿ ಗೆದ್ದ ಕಳೆ.

ಆದರೆ ಮೂತಿ ಸಿಕ್ಕಿಕೊಂಡಾಗಲೇ ದೋಣಿಯ ಹಿಂಭಾಗ ಗಾಳಿಗೆ ಹೊರಳಿ ಹಿಂದೆ ಕಟ್ಟಿದ್ದ ಇನ್ನೊಂದು ದೋಣಿಯ ಕಡೆಗೆ ಸರಿಯತೊಡಗಿತು. ಲ್ಯಾಬಮ್ಮ ಅಳೆದು ನೋಡಿದರು. ಹೀಗೇ ಹಿಡಿದಿದ್ದರೆ ತಾಗುತ್ತದೆ. ಕಳಚಿದರೆ ಇಡೀ ದೋಣಿ ತೆರೆದ ನೀರಿಗೆ ಸರಿಯುತ್ತದೆ, ಮತ್ತೊಂದು ಸುತ್ತು ಬರಬಹುದು.

"ಕಳಚಿ," ಎಂದರು.

ಯಜಮಾನರು ತಿರುಗಿ ನೋಡಿದರು. ಹಿಡಿದದ್ದು ಈಗ ತಾನೆ. ಕಟ್ಟೆಯ ಮೇಲಿಂದ ದುರ್ಬೀನು ಅವನ ಭಾಷೆಯಲ್ಲಿ ಹಿಡಿ ಹಿಡಿ ಎಂದು ಕೂಗುತ್ತಿದ್ದ.

"ಹಗ್ಗ ಕಳಚಬೇಕಾ?"

"ಹೌದು. ಹಗ್ಗ ಕಳಚಿ."

ಕಳಚಿದರು. ಯಾಕೆ ಎಂದು ಕೇಳಲಿಲ್ಲ. ದೋಣಿ ಸದ್ದಿಲ್ಲದೆ ಕಟ್ಟೆಯಿಂದ ದೂರವಾಯಿತು. ಹಿಂದಿನ ದೋಣಿಗೂ ಇವರಿಗೂ ನಡುವೆ ಒಂದು ಗೇಣು ನೀರು ಉಳಿದಿತ್ತು. ಲ್ಯಾಬಮ್ಮ ದೊಡ್ಡದಾಗಿ ಒಂದು ಸುತ್ತು ಹಾಕಿ, ಈ ಬಾರಿ ಇನ್ನಷ್ಟು ಓರೆಯಾಗಿ ತಂದು, ಕಟ್ಟೆಗೆ ಮೆತ್ತಗೆ ತಾಗಿಸಿದರು. ಮೂತಿಯ ಹಗ್ಗ ಕಟ್ಟಿದ ಮೇಲೆ ಹಿಂದಿನದನ್ನೂ ಕಟ್ಟಿದರು. ದುರ್ಬೀನು ತಲೆಯಾಡಿಸಿ ಹೋದ.

ಲ್ಯಾಬಮ್ಮ ಇಂಜಿನ್ ನಿಲ್ಲಿಸಿ ಕೂತರು. ಗಂಡನ ಕಡೆ ನೋಡಲಿಲ್ಲ. ಎಡವಟ್ಟು ಆಯಿತೋ ಇಲ್ಲವೋ ಎಂಬ ತೀರ್ಮಾನ ಅವರದು.

ಯಜಮಾನರು ಕಟ್ಟೆಗೆ ಇಳಿದು, ಜೇಬಿನಿಂದ ಫೋನು ತೆಗೆದು, ಎಡ ಹೆಬ್ಬೆರಳಿನಲ್ಲಿ ಬಹಳ ಹೊತ್ತು ಒತ್ತಿದರು. ಹೋದದ್ದು ಮಗಳಿಗೆ.

"ಏನಪ್ಪಾ? ಕ್ರೇನು ಬಂತಾ?"

"ನಿನಗೆ ಮಾಡಿದ್ದಲ್ಲಮ್ಮ, ಕೈ ತಪ್ಪಿ ಬಂತು. ಕ್ರೇನಿನವನಿಗೆ ಬೇಡ ಅಂತ ಹೇಳಬೇಕು. ನಾವೇ ಈಚೆಗೆ ಬಂದ್ವಿ."

"ನಾವೇ ಅಂದ್ರೆ? ಆ ಕೈಲಾ?"

"ನಿಮ್ಮಮ್ಮ ತಂದಳು. ನಾನು ಹಗ್ಗದಲ್ಲಿದ್ದೆ," ಎಂದರು ಯಜಮಾನರು. "ಸರಿ, ಇಡು ಈಗ. ಅವನು ಊಟಕ್ಕೆ ಹೋದ್ರೆ ಸಿಗಲ್ಲ."