ಮಾವನ ಡೌಟು

ಮೊನ್ನೆ ಯಲಬುರ್ಗಾದ ಕಿರಾಣಿ ಅಂಗಡಿಯವನು ಬೇಳೆ ತೂಗುತ್ತ, "ಇವತ್ತ ಬಸ್ ಬರೂದು ಡೌಟ್ ರೀ" ಎಂದ. ನೋಡಿ, ಈ ಪದ ಈಗ ಎಷ್ಟು ಅಗ್ಗವಾಗಿದೆ! ನಿಜಾಮನ ಕಾಲದಲ್ಲಿ ಇಡೀ ಊರಿಗೆ ಅದು ಒಂದೇ ಬಾಯಲ್ಲಿತ್ತು, ನನ್ನ ಸೋದರಮಾವನ ಬಾಯಲ್ಲಿ.

ಮಾವ ಹೈದರಾಬಾದಿನಲ್ಲಿ ಎಂಟು ತಿಂಗಳಿದ್ದು ಒಂದು ಕರಿ ಕೋಟನ್ನೂ ಈ ಒಂದು ಪದವನ್ನೂ ಹೊತ್ತು ತಂದಿದ್ದ. ಎರಡನ್ನೂ ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. ಎಮ್ಮೆ ಗಬ್ಬವಾಗಿದೆ ಎಂದರೂ ಡೌಟ್, ಅಮಾವಾಸ್ಯೆ ನಾಳೆ ಎಂದರೂ ಡೌಟ್. ನಮ್ಮಲ್ಲಿ ಮನೆಗೆ 'ಸಂಶಯ' ಇತ್ತು, ಕಚೇರಿಗೆ ಉರ್ದುವಿನ 'ಶಕ್' ಇತ್ತು. ಅವನ್ನು ಆಡಿದವನಿಗೆ "ಯಾಕಪಾ?" ಎಂದು ಕೇಳುವವರಿದ್ದರು. ಇಂಗ್ಲಿಷಿಗೆ ಕಾರಣ ಕೇಳುವ ಎದೆ ಯಾರಿಗಿತ್ತು?

ಅಕ್ಕನಿಗೆ ನವಲಿಯಿಂದ ಗಂಡು ಬಂತು. ಬಾಗಿಲ ಸಂದಿಯಿಂದ ನೋಡಿಯೇ ಅವಳು ಒಪ್ಪಿದ್ದಳು. ಅವ್ವನ ಕಿವಿಯಲ್ಲಿ ಹೇಳಿಯೂ ಇದ್ದಳು. ಆದರೆ ಸೋದರಮಾವ ಹೂಂ ಅನ್ನದೆ ನಮ್ಮಲ್ಲಿ ವೀಳ್ಯ ಹಿಡಿಯುವಂತಿಲ್ಲ. ಬಂದವರು ಉಂಡು ಕೈ ತೊಳೆಯಲು ಎದ್ದಾಗ ನಾವೆಲ್ಲ ಅವನ ಮುಖ ನೋಡಿದೆವು. ಮಾವ ಕೋಟಿನ ಗುಂಡಿ ಹಾಕಿಕೊಂಡು, "ಹುಡುಗನ ಮ್ಯಾಲ ನನಗ ಡೌಟ್ ಐತಿ" ಎಂದ.

"ಏನಂದಾನ?" ಅವ್ವ ಪಿಸುಗುಟ್ಟಿದಳು.

"ಏನೋ ದೊಡ್ಡದ ಐತಿ, ಸುಮ್ನಿರು" ಎಂದ ಅಪ್ಪ.

ಸಂಬಂಧ ಮುರಿಯಿತು. ಆ ಪಡಸಾಲೆಯಲ್ಲಿ ಇಂಗ್ಲಿಷ್ ಓದಿದವನು ನಾನೊಬ್ಬನೇ. ಹತ್ತೊಂಬತ್ತು ವರ್ಷ, ಮೆಟ್ರಿಕ್ ಎಂಬ ಜಂಬ ಬೇರೆ. ಅದು ಬರೀ ಸಂಶಯವೆಂದು ನನಗೆ ಗೊತ್ತಿತ್ತು. ಆದರೆ ಅಂಜುವುದು ನನಗೆ ಆಗಲೇ ಅಭ್ಯಾಸ: ಒಂದು ವೇಳೆ ಹೈದರಾಬಾದಿನಲ್ಲಿ ಅದಕ್ಕೆ ಇನ್ನೂ ದೊಡ್ಡ ಅರ್ಥವಿದ್ದರೆ? ಬಾಯಿ ಮುಚ್ಚಿಕೊಂಡೆ. ಮರುವರ್ಷ ಅಕ್ಕನನ್ನು ಕುಷ್ಟಗಿಯ ಒಬ್ಬ ವಿಧುರನಿಗೆ ಕೊಟ್ಟರು. ಅವನು ನಮ್ಮ ಅಪ್ಪನಿಗಿಂತ ಎರಡೇ ವರ್ಷ ಚಿಕ್ಕವನು.

ಮಾವನಿಗೆ ವಯಸ್ಸಾದ ಮೇಲೆ ಒಮ್ಮೆ ಕೇಳಿದೆ, ಆ ಹುಡುಗನಲ್ಲಿ ಏನು ಕಂಡಿದ್ದಿರಿ ಎಂದು.

"ಏನೂ ಇಲ್ಲೋ. ಎಲ್ಲಾರೂ ನನ್ನ ಮಾರೀನ ನೋಡಾಕತ್ತಿದ್ರು. ಏನರ ಅನ್ನಬೇಕಿತ್ತಲ್ಲ?" ಎಂದ ಆ ಮಹಾಪಂಡಿತ.

ಈಗ ಅಕ್ಕ ನಮ್ಮಲ್ಲಿಗೆ ಬಂದಿದ್ದಾಳೆ. ಮೊನ್ನೆ ಅಂಗಡಿಯಿಂದ ಬಂದವನೇ, ಇನ್ನೊಂದು ಯೋಚನೆ ಹುಟ್ಟುವ ಮೊದಲು, ಹೇಳಿಬಿಟ್ಟೆ: ಆ ಪದದ ಅರ್ಥ ನನಗೆ ಅಂದೇ ಗೊತ್ತಿತ್ತು ಎಂದು. ಅಕ್ಕ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಇಷ್ಟು ವರ್ಷ ಮಾವಗೊಬ್ಬಗ ಶಾಪ ಹಾಕ್ಕೊಂತ ಬಂದೆನಲ್ಲೋ ತಮ್ಮಾ" ಎಂದಳು. "ಅದರಾಗ ಅರ್ಧ ನಿನ್ನ ಪಾಲಿಂದು."