ದುಬೈ ದಾರಿ ಹೇಳುತ್ತಿದ್ದ ಬ್ಯಾಗಿನಂಗಡಿಯಣ್ಣ

ತುಂಬಿದ ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ ಎಳೆಯುವಾಗ ಅವರ ನಾಲಿಗೆ ಒಂದು ಕೆನ್ನೆಯೊಳಗೆ ಹೋಗಿ ಉಂಡೆಯಾಗಿ ನಿಲ್ಲುತ್ತಿತ್ತು. ಜಿಪ್ ಕೊನೆ ಮುಟ್ಟಿದ ಮೇಲೆಯೇ ಮಾತು. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ಅವರದು ಬ್ಯಾಗ್ ಹೊಲಿಯುವ ಅಂಗಡಿ. ಡ್ರೈವರ್ ಕೆಲಸ, ಗಾರೆ ಕೆಲಸ ಅಂತ ನಮ್ಮ ಕಡೆಯಿಂದ ದುಬೈಗೆ ಹೊರಟವರೆಲ್ಲ ಅಲ್ಲಿಗೆ ಬರುತ್ತಿದ್ದರು, ಬ್ಯಾಗಿಗಿಂತ ಹೆಚ್ಚಾಗಿ ಬುದ್ಧಿಮಾತಿಗೆ.

“ರೋಡ್ ದಾಟ್ಬೇಕಾದ್ರೆ ಮೊದ್ಲು ಎಡಕ್ಕೆ ನೋಡ್ಲಾ, ಅಲ್ಲಿ ಗಾಡಿ ಬರೋದು ಉಲ್ಟಾ. ಬಸ್ಸಲ್ಲಿ ಮುಂದ್ಲು ಸೀಟು ಎಂಗಸ್ರದು. ಉಪವಾಸದ ತಿಂಗ್ಳಲ್ಲಿ ಅಗಲೊತ್ತು ಬೀದೀಲಿ ನೀರೂ ಕುಡೀಬ್ಯಾಡ.”

ಇವರು ಅಲ್ಲಿದ್ದು ಬಂದವರು ಎಂದೇ ಊರೆಲ್ಲ ನಂಬಿತ್ತು.

ತಂಗಿಯ ಬಾಣಂತನಕ್ಕೆ ನಾನು ದುಬೈಗೆ ಹೊರಟಾಗ ಸೂಟ್‌ಕೇಸ್ ಮುಚ್ಚಲೇ ಇಲ್ಲ. ಅವ್ವನೂ ನಾನೂ ಅದನ್ನು ಅವರಲ್ಲಿಗೆ ಹೊತ್ತುಕೊಂಡು ಹೋದೆವು. ಸಾಮಾನು ತೆಗೆದು ಜೋಡಿಸುತ್ತಿದ್ದವರ ಕೈಗೆ ಒಂದು ಪೊಟ್ಟಣ ಸಿಕ್ಕಿತು.

“ಇದೇನವ್ವ?”

“ಗಸಗಸೆ ಕಣಣ್ಣ. ಬಾಣ್ತಿಗೆ ಪಾಯ್ಸಕ್ಕೆ” ಎಂದಳು ಅವ್ವ.

“ತಗೀರಿ. ಅಲ್ಲಿ ಇದು ಅಫೀಮಿನ ಲೆಕ್ಕ. ಇಡೀತಾರೆ.”

ಅವ್ವನಿಗೆ ಸಿಟ್ಟು ಬಂತು. “ನಮ್ಮನೇಲಿ ಅಬ್ಬಕ್ಕೆ ಮಾಡೋದು, ಅಫೀಮಂತೆ!” ಅಂಗಡಿ ಬಾಗಿಲಿಗೊರಗಿದ್ದ ಇಬ್ಬರು ಹುಡುಗರು ಕಿಸಕ್ಕೆಂದರು. “ಅಣ್ಣ, ಗಸಗಸೆಗೆ ಯಾರಣ್ಣ ಇಡೀತಾರೆ? ಚೆನ್ನಾಗ್ ಬುಡ್ತೀಯ ಕಣಣ್ಣ!” ಅವ್ವ ಪೊಟ್ಟಣವನ್ನು ಮತ್ತೆ ಸೀರೆಯ ಮಡಿಕೆಯೊಳಗೆ ತೂರಿಸಿದಳು. ನಾನೂ ತಡೆಯಲಿಲ್ಲ.

ಅವರು ಜಿಪ್ಪಿನಿಂದ ಕೈ ತೆಗೆದರು.

“ನನ್ನ ಇಡುದ್ರು ಕಣವ್ವ. ನಮ್ಮವ್ವ ಕಟ್ಟಿಕೊಟ್ಟಿದ್ಲು. ಏರ್‌ಪೋರ್ಟಿಂದ ಸೀದಾ ಜೈಲು. ಅಲ್ಲಿಂದ್ಲೇ ವಾಪಸ್ ಕಳ್ಸುದ್ರು. ದುಬೈ ರೋಡು ನಾನು ಕಂಡೋನೇ ಅಲ್ಲ. ಬಸ್ಸು, ಸೀಟು, ಎಲ್ಲ ಒಳಗಿದ್ದ ಮಲಯಾಳಿಗಳು ಯೋಳಿದ್ದು.”

ಅವ್ವ ತಲೆ ತಗ್ಗಿಸಿ ಪೊಟ್ಟಣ ತೆಗೆದಳು. ಹುಡುಗರು ಹೊರಗೆ ಹೋಗಿ ನಗುವುದು ಕೇಳಿಸುತ್ತಿತ್ತು. ಸಂಜೆಯೊಳಗೆ ಅವರಿಗೆ ‘ಜೈಲ್ ದುಬೈ’ ಎಂಬ ಹೆಸರು ಬಿದ್ದಿತ್ತು.

ನಾನು ನೆಟ್ಟಗೆ ಹೋಗಿ ನೆಟ್ಟಗೆ ಬಂದೆ. ಬಂದವಳೇ ಅಂಗಡಿಗೆ ಹೋಗಿ, ಅಲ್ಲಿದ್ದವರಿಗೆಲ್ಲ ಕೇಳಲಿ ಎಂದು ಜೋರಾಗಿಯೇ ಹೇಳಿದೆ: “ನೀವು ಹೇಳಿದ್ದೆಲ್ಲ ಅಲ್ಲಿ ಹಂಗೇ ಇತ್ತು ಅಣ್ಣ.”

“ಇರ್ದೆ ಇನ್ನೇನು, ಒಳಗೆ ಒಳ್ಳೆ ಟ್ರೈನಿಂಗ್ ಕೊಟ್ಟವ್ರೆ!” ಎಂದ ಒಬ್ಬ. ಎಲ್ಲರೂ ನಕ್ಕರು. ಅವರೂ ನಕ್ಕರು. ಅವರ ಮಾನ ಉಳಿಸಲು ಹೋಗಿ ಇನ್ನಷ್ಟು ಕಳೆದೆನಲ್ಲ ಎಂದು ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ಬುಡು ತಾಯಿ. ಮಗ ಎಂಗದೆ?” ಎಂದಷ್ಟೇ ಕೇಳಿದರು.

ಆಮೇಲೆ ದುಬೈಗೆ ಹೊರಟವರು ಅವರ ಹತ್ತಿರ ಬ್ಯಾಗ್ ಹೊಲಿಸಿಕೊಂಡರು, ಮಾತು ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಅಣ್ಣ ಎದೆನೋವಿನಿಂದ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ, ಯಾರ ಮಗಳು ಎಂದು ಕೇಳಿ ತಿಳಿದುಕೊಂಡು, ನನ್ನ ಎದುರಿಗೇ ಕೂತರು.

“ಅವ್ರು ಜೈಲಲ್ಲಿದ್ದುದ್ದು ನಂಗೆ ಗೊತ್ತೇ ಇರ್ನಿಲ್ಲ ಕಣವ್ವ. ಮದ್ವೆಗೆ ಮುಂಚಿಂದಂತೆ. ನೀವು ಅಂಗ್ಡೀಗೆ ಬಂದಿದ್ರಲ್ಲ, ಅವತ್ತು ನಲ್ಲಿ ತಾವ ಯಾರೋ ನಕ್ಕೊಂಡು ಯೋಳುದ್ರು. ಮನೇಗ್ ಬಂದು ಕೇಳಿದ್ಕೆ, ‘ನಾನ್ ಯೋಳ್ದೆ ಇದ್ದಿದ್ರೆ ಆ ಎಣ್ಮಗ ಜೈಲೊಳೀಕ್ ಓಗಿಬುಡೋದು ಕಣೇ’ ಅಂದ್ರು. ಅಷ್ಟೇ. ಆಮ್ಯಾಕೆ ಅದ್ರ ಮಾತೇ ಎತ್ತಲಿಲ್ಲ.”

ಕಾಫಿ ತಂದಿಟ್ಟರು. ಲೋಟ ಬರಿದಾಗುವವರೆಗೂ ನಾನು ತಲೆ ಎತ್ತಲಿಲ್ಲ.